ಜರ್ಮನಿಯ ಸ್ಟೂಡೆಂಟ್ ಹಾಸ್ಟೆಲ್: ಕೋಣೆಗಿಂತ ಅದರ ಜೊತೆ ಬರುವ ಕಾಗದ ಮುಖ್ಯ

ಜರ್ಮನಿಗೆ ಓದಲು ಬರುವವರು ಹಾಸ್ಟೆಲ್ ಬಗ್ಗೆ ಕೇಳುವುದು ಸಾಮಾನ್ಯವಾಗಿ ಇಷ್ಟೇ: ಬಾಡಿಗೆ ಎಷ್ಟು, ಕೋಣೆ ಎಷ್ಟು ದೊಡ್ಡದು, ಬಾತ್‌ರೂಮ್ ಒಳಗಿದೆಯಾ, ಕ್ಲಾಸಿಗೆ ಎಷ್ಟು ದೂರ. ಇವಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ ಕೋಣೆಯ ವಿಳಾಸವನ್ನು ಸರ್ಕಾರಿ ಕಚೇರಿಯಲ್ಲಿ ನನ್ನ ಹೆಸರಿಗೆ ನೋಂದಾಯಿಸಬಹುದಾ, ಅದಕ್ಕೆ ಬೇಕಾದ ಕಾಗದಕ್ಕೆ ಸಹಿ ಹಾಕಿ ಕೊಡುತ್ತೀರಾ? ಬಂದ ಹೊಸತರಲ್ಲಿ ಆ ಕಾಗದ ಕೈಯಲ್ಲಿದ್ದವರ ಕೆಲಸ ಸಲೀಸಾಗಿ ಸಾಗುತ್ತದೆ. ಇಲ್ಲದವರದ್ದು ಎಲ್ಲಾ ಕಡೆ ಅರ್ಧಕ್ಕೇ ನಿಲ್ಲುತ್ತದೆ. ನಾನು 2025ರ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಓದಲು ಬಂದೆ. ಆಗಿನಿಂದ ಸ್ಟುಡೀರೆಂಡೆನ್‌ವೆರ್ಕ್ ನಡೆಸುವ ಹಾಸ್ಟೆಲ್‌ನಲ್ಲಿ ಇದ್ದೇನೆ. ಈ ವಿಮರ್ಶೆ ಅದರ ಬಗ್ಗೆ. ಕೋಣೆ, ಕ್ಯಾಂಟೀನು, ಕಚೇರಿ ಎಲ್ಲಾ ಸೇರಿಸಿ ಬರೆಯುತ್ತೇನೆ, ಆದರೆ ಜಾಸ್ತಿ ಮಾತು ಆ ಕಾಗದದ ಸುತ್ತಲೇ ಇರುತ್ತದೆ.

ಮೊದಲು ಈ ಸ್ಟುಡೀರೆಂಡೆನ್‌ವೆರ್ಕ್ ಅಂದರೇನು ಅಂತ ಹೇಳಿಬಿಡುತ್ತೇನೆ. ಬಹಳ ಜನ ಇದನ್ನು ಯೂನಿವರ್ಸಿಟಿಯ ಒಂದು ವಿಭಾಗ ಅಂದುಕೊಂಡು, ಹಾಸ್ಟೆಲ್ ಬೇಕು ಅಂತ ಯೂನಿವರ್ಸಿಟಿಗೆ ಮೇಲ್ ಹಾಕಿ ಕಾಯುತ್ತಾ ಕೂರುತ್ತಾರೆ. ಹಾಗಲ್ಲ. ಇದು ಬೇರೆಯೇ ಸಂಸ್ಥೆ. ದೇಶದಲ್ಲಿ ಇಂಥವು 57 ಇವೆ, ಒಂದೊಂದೂ ಒಂದೊಂದು ಊರು ಅಥವಾ ಪ್ರದೇಶ ನೋಡಿಕೊಳ್ಳುತ್ತದೆ. ಇವೆಲ್ಲಕ್ಕೂ ಸೇರಿ ಒಂದು ಒಕ್ಕೂಟ ಇದೆ, ಅದರ ಬೇರು 1921ರಲ್ಲಿ ಟ್ಯೂಬಿಂಗೆನ್ ಊರಿನಲ್ಲಿದೆ. ಮೊದಲ ಮಹಾಯುದ್ಧ ಮುಗಿದು, ಓದುವವರ ಕೈಯಲ್ಲಿ ಊಟಕ್ಕೂ ಕಾಸಿಲ್ಲದ ಕಾಲದಲ್ಲಿ ಶುರುವಾದದ್ದು. ಇವತ್ತಿಗೂ ಕೆಲಸ ಅದೇ: ಊಟ, ವಸತಿ, ಹಣದ ಸಹಾಯ, ಕಷ್ಟ ಬಂದಾಗ ಮಾತಾಡಲು ಒಬ್ಬರು. ಪ್ರತಿ ಸೆಮಿಸ್ಟರ್ ನಾವು ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಇದಕ್ಕೆ ಹೋಗುತ್ತದೆ. ಹಾಸ್ಟೆಲ್ ಸಿಕ್ಕರೂ ಕಟ್ಟಬೇಕು, ಸಿಗದಿದ್ದರೂ ಕಟ್ಟಬೇಕು. ಆದ್ದರಿಂದ ಇಲ್ಲಿ ಏನೇನು ಸಿಗುತ್ತದೆ ಅಂತ ಎಲ್ಲರೂ ತಿಳಿದುಕೊಂಡಿರುವುದು ಒಳ್ಳೆಯದು.

ಕೋಣೆಗೆ ಅರ್ಜಿ ಆನ್‌ಲೈನ್‌ನಲ್ಲೇ ಹಾಕುವುದು. ಎಷ್ಟು ಬೇಗ ಸಿಗುತ್ತದೆ ಅನ್ನುವುದು ಪೂರ್ತಿ ಊರಿನ ಮೇಲೆ ನಿಂತಿದೆ. ಮ್ಯೂನಿಕ್‌ನಂಥ ಕಡೆ ಕಾಯುವ ಪಟ್ಟಿ ಸೆಮಿಸ್ಟರ್‌ಗಟ್ಟಲೆ ಉದ್ದ ಇರುತ್ತದೆ, ಅಲ್ಲಿಗೆ ಹೋಗುವವರು ಇದೊಂದನ್ನೇ ನಂಬಿಕೊಂಡು ಕೂರಬಾರದು. ಪೂರ್ವ ಭಾಗದ ಹಲವು ಊರುಗಳಲ್ಲಿ ಪರಿಸ್ಥಿತಿ ಎಷ್ಟೋ ಸಲೀಸು. ನನ್ನದು ಅಂಥದೇ ಒಂದು ಊರು, ಹಾಗಾಗಿ ಸೆಮಿಸ್ಟರ್ ಶುರುವಾಗುವ ಮುಂಚೆಯೇ ಸಿಕ್ಕಿತು. ತಿಂಗಳಿಗೆ 290 ಯೂರೋ. ಕರೆಂಟು, ನೀರು, ಹೀಟಿಂಗು, ಇಂಟರ್ನೆಟ್ಟು ಎಲ್ಲಾ ಅದರಲ್ಲೇ. ಇದು ಎಷ್ಟು ಕಡಿಮೆ ಅಂತ ಅರ್ಥವಾಗಬೇಕಾದರೆ ವೀಸಾದ ಲೆಕ್ಕ ನೋಡಿ. ಖರ್ಚಿಗೆ ದುಡ್ಡಿದೆ ಅಂತ ತೋರಿಸಲು ಮುಂಚೆಯೇ ಹಣ ಇಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ಅದು ತಿಂಗಳಿಗೆ 992 ಯೂರೋ ಆಗಿ ನಮ್ಮ ಕೈಗೆ ಬರುತ್ತದೆ. ಸರ್ಕಾರಿ ಹೆಲ್ತ್ ಇನ್ಶೂರೆನ್ಸ್‌ಗೆ ಅದರಲ್ಲಿ ಸುಮಾರು 145 ಹೋಯಿತು. ಉಳಿದದ್ದರಲ್ಲಿ ಬಾಡಿಗೆ, ಊಟ, ಫೋನು, ಪುಸ್ತಕ, ಚಳಿಗಾಲದ ಜಾಕೆಟ್ಟು ಎಲ್ಲಾ ಆಗಬೇಕು. ಖಾಸಗಿ ಕೋಣೆಗೆ 500, 600 ಕೊಟ್ಟು ಇರುವ ಸಹಪಾಠಿಗಳು ತಿಂಗಳ ಕೊನೆಯಲ್ಲಿ ಹೇಗೆ ಎಣಿಸಿ ಎಣಿಸಿ ಖರ್ಚು ಮಾಡುತ್ತಾರೆ ಅಂತ ಹತ್ತಿರದಿಂದ ನೋಡುತ್ತಿದ್ದೇನೆ.

ಈಗ ನನಗೆ ನಿಜವಾಗಿ ಬೇಸರ ತರಿಸಿದ ವಿಷಯ. ಕೀ.

ಚಳಿಗಾಲದ ಸೆಮಿಸ್ಟರ್ ಲೆಕ್ಕಕ್ಕೆ ಅಕ್ಟೋಬರ್ 1ಕ್ಕೆ ಶುರು, ಬಾಡಿಗೆ ಕರಾರೂ ಅವತ್ತಿನಿಂದಲೇ. ಕೀ ಕೊಡುವುದು ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವವರು. ಅವರು ಸಿಗುವುದು ಕೆಲಸದ ದಿನಗಳಲ್ಲಿ, ಹಗಲು ಹೊತ್ತಿನ ನಿಗದಿತ ಗಂಟೆಗಳಲ್ಲಿ ಮಾತ್ರ. ಅಕ್ಟೋಬರ್ 3 ಜರ್ಮನ್ ಏಕೀಕರಣ ದಿನ, ದೇಶಕ್ಕೆಲ್ಲಾ ರಜೆ. 2025ರಲ್ಲಿ ಅದು ಶುಕ್ರವಾರ ಬಿದ್ದಿತ್ತು. ಹಾಗಾಗಿ ಗುರುವಾರ ಸಂಜೆ ವಿಮಾನ ಇಳಿದವರಿಗೆ ಕೀ ಸಿಗುವುದು ಸೋಮವಾರ. ಆ ವಾರ ಬಂದವರಲ್ಲಿ ನಾನೊಬ್ಬ ಮಾತ್ರ ಅಲ್ಲ, ನನ್ನ ಹಾಗೆ ಎರಡೆರಡು ಸೂಟ್‌ಕೇಸ್ ಇಟ್ಟುಕೊಂಡು ಬೀಗ ಹಾಕಿದ ಆಫೀಸಿನ ಬಾಗಿಲಲ್ಲಿ ಅಂಟಿಸಿದ ಚೀಟಿ ಓದುತ್ತಾ ನಿಂತವರು ಇನ್ನೂ ಇದ್ದರು. ಕೀ ಕೊಡುವ ಸಮಯ ತಿಳಿಸುವ ಮೇಲ್ ಬಂದದ್ದು ವಿಮಾನದ ಟಿಕೆಟ್ ಎಲ್ಲಾ ಆದ ಮೇಲೆ. ಒಂದು ತಿಂಗಳು ಮುಂಚೆ ಆ ಒಂದು ಸಾಲು ಬರೆದು ಕಳಿಸಿದ್ದರೆ ಎಲ್ಲರೂ ಅದಕ್ಕೆ ತಕ್ಕ ಹಾಗೆ ಬರುತ್ತಿದ್ದರು. ರಜೆ ಹಠಾತ್ತನೆ ಬರುವುದಲ್ಲ ಅಲ್ವಾ, ಪ್ರತಿ ವರ್ಷ ಅದೇ ತಾರೀಖಿಗೆ ಬರುತ್ತದೆ. ದೂರ ದೇಶದಿಂದ ಬರುವವರಿಗೆ ಬಾಡಿಗೆ ಶುರುವಾದ ಮೇಲೂ ಹೋಟೆಲ್‌ಗೆ ದುಡ್ಡು ಕೊಡುವ ಹಾಗೆ ಮಾಡುವುದು ನ್ಯಾಯ ಅಲ್ಲ. ಹೊಸಬರು ಬರುವ ಆ ಕೆಲವು ದಿನಗಳಿಗಾದರೂ ಸಂಖ್ಯೆ ಒತ್ತಿ ತೆಗೆಯುವ ಒಂದು ಕೀ ಪೆಟ್ಟಿಗೆ ಇಟ್ಟರೆ ಸಾಕು.

ಇನ್ನು ಮುಂದೆ ಬರುವವರಿಗೆ ಹೇಳುವುದು: ಟಿಕೆಟ್ ಮಾಡುವ ಮುಂಚೆಯೇ ಮೇಲ್ ಹಾಕಿ ಕೀ ಸಮಯ ಕೇಳಿ. ಸೋಮವಾರದಿಂದ ಗುರುವಾರದ ಒಳಗೆ, ಬೆಳಿಗ್ಗೆ ಇಳಿಯುವ ವಿಮಾನ ನೋಡಿ. ಹೌಸ್‌ಮೈಸ್ಟರ್‌ಗಳಿಗೆ ಶುಕ್ರವಾರ ಬೇಗ ಮುಗಿಯುತ್ತದೆ. ಬೇರೆಯವರು ನಿಮ್ಮ ಪರವಾಗಿ ಕೀ ತೆಗೆದುಕೊಳ್ಳಬಹುದಾ ಅಂತಲೂ ಕೇಳಿ. ಹಲವು ಕಡೆ ಸಹಿ ಮಾಡಿದ ಅಧಿಕಾರ ಪತ್ರ, ಪಾಸ್‌ಪೋರ್ಟ್ ಪ್ರತಿ ಇದ್ದರೆ ಒಪ್ಪುತ್ತಾರೆ.

ಕೀ ಸಿಕ್ಕ ಮೇಲೆ ಮಾತ್ರ ಎಲ್ಲಾ ಅಚ್ಚುಕಟ್ಟು. ಹೌಸ್‌ಮೈಸ್ಟರ್ ಕೋಣೆಗೆ ಜೊತೆಯಲ್ಲೇ ಬಂದರು. ಕೈಯಲ್ಲಿ ಒಂದು ಪ್ಯಾಡು, ಅದರ ಮೇಲೆ ಕೋಣೆಯ ಪಟ್ಟಿ. ಮಂಚ, ಹಾಸಿಗೆ, ಮೇಜು, ಕುರ್ಚಿ, ಬೀರು, ಕಿಟಕಿ ಒಂದೊಂದನ್ನೂ ಮುಟ್ಟಿ ತೋರಿಸಿದರು. ಮೇಜಿನ ಅಂಚಿನಲ್ಲಿ ಸುಟ್ಟ ಗುರುತು ಇತ್ತು, ಅವರೇ ಬೆರಳಿಟ್ಟು ತೋರಿಸಿ ಬರೆದುಕೊಂಡರು. ಕಿಟಕಿಯ ಹಿಡಿ ಸಡಿಲ ಇದ್ದದ್ದನ್ನು ನಾನು ತೋರಿಸಿದೆ, ಅದನ್ನೂ ಬರೆದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಆಗ ಬರುತ್ತಿದ್ದ ಜರ್ಮನ್ ಅಷ್ಟಕ್ಕಷ್ಟೇ, ಆದರೂ ಇಬ್ಬರಿಗೂ ಎಲ್ಲಾ ಅರ್ಥವಾಯಿತು. ಈ ಹಸ್ತಾಂತರ ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು. ಸುಮ್ನೆ ಔಪಚಾರಿಕತೆ ಅಂತ ಅವಸರದಲ್ಲಿ ಸಹಿ ಹಾಕಿಬಿಡಬೇಡಿ. ಬಿಟ್ಟು ಹೋಗುವಾಗ ಡಿಪಾಸಿಟ್ ವಾಪಸ್ ಬರುವುದು ಇದೇ ಪತ್ರದ ಮೇಲೆ. ಗೋಡೆ, ನೆಲ, ಸಿಂಕು, ಹಾಸಿಗೆಯ ಎರಡೂ ಬದಿ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ.

ಅದೇ ಹೊತ್ತಿಗೆ ಅವರು ಇನ್ನೊಂದು ಹಾಳೆ ಕೊಟ್ಟರು. ಒಂದೇ ಪುಟ. ಮೇಲೆ ಮನೆ ಕೊಟ್ಟವರ ಹೆಸರು, ಕೆಳಗೆ ನನ್ನ ಹೆಸರು, ವಿಳಾಸ, ಒಳಗೆ ಬಂದ ತಾರೀಖು, ಸಹಿ. ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್ ಅನ್ನುತ್ತಾರೆ. ಈ ವ್ಯಕ್ತಿ ನಮ್ಮ ಜಾಗದಲ್ಲಿ ವಾಸ ಮಾಡಲು ಬಂದಿದ್ದಾರೆ ಅಂತ ಮನೆಯವರು ಕೊಡುವ ದೃಢೀಕರಣ. ನಾನು ಶುರುವಿನಿಂದ ಹೇಳುತ್ತಿರುವ ಕಾಗದ ಇದೇ.

ಜರ್ಮನಿಯಲ್ಲಿ ಯಾರೇ ಆಗಲಿ, ಹೊಸ ಮನೆಗೆ ಬಂದು 2 ವಾರದೊಳಗೆ ಊರಿನ ನಾಗರಿಕ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಅಂತ ಹೆಸರು. 2015ರ ನವೆಂಬರ್‌ನಿಂದ ಈ ದೃಢೀಕರಣ ಇಲ್ಲದೆ ನೋಂದಣಿ ಮಾಡುವುದಿಲ್ಲ. ಬಾಡಿಗೆ ಕರಾರು ತೋರಿಸಿದರೂ ಈ ದೃಢೀಕರಣದ ಬದಲಿಗೆ ಅದು ನಡೆಯುವುದಿಲ್ಲ, ಕಾನೂನು ಕೇಳುವುದು ಆ ಒಂದು ಪುಟವನ್ನೇ. ಹೋಟೆಲು, ಪ್ರವಾಸಿಗರ ಡಾರ್ಮಿಟರಿ, ಕೆಲವು ವಾರಕ್ಕೆ ಕೊಡುವ ಅಪಾರ್ಟ್‌ಮೆಂಟು ಇವೆಲ್ಲಾ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಖಾಸಗಿಯಾಗಿ ಕೋಣೆ ಬಾಡಿಗೆಗೆ ಕೊಡುವ ಕೆಲವರೂ ಅಷ್ಟೇ, ಇರಬಹುದು ಆದರೆ ನೋಂದಣಿ ಮಾಡುವ ಹಾಗಿಲ್ಲ ಅಂತ ಜಾಹೀರಾತಿನಲ್ಲೇ ಬರೆದಿರುತ್ತಾರೆ. ಅಂಥ ಕೋಣೆ ಎಷ್ಟೇ ಚೆಂದ ಇರಲಿ, ಹೊಸದಾಗಿ ಬರುವ ವಿದ್ಯಾರ್ಥಿಗೆ ಅದು ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಉಳಿದ ಎಲ್ಲಾ ಕೆಲಸ ಇದರ ಹಿಂದೆ ಸಾಲಾಗಿ ನಿಂತಿರುತ್ತದೆ. ನೋಂದಣಿ ಆದರೆ ತಾನೇ ಆದಾಯ ತೆರಿಗೆಯ 11 ಅಂಕಿಯ ಸಂಖ್ಯೆ ಹೊರಡುವುದು. ಅದನ್ನು ನಾವು ಕೇಳಬೇಕಾಗಿಯೂ ಇಲ್ಲ, ಕೇಂದ್ರ ತೆರಿಗೆ ಕಚೇರಿಯಿಂದ ಕೆಲವು ವಾರದಲ್ಲಿ ಅಂಚೆಯಲ್ಲಿ ಮನೆಗೆ ಬರುತ್ತದೆ. ಪಾರ್ಟ್‌ಟೈಮ್ ಕೆಲಸ ಸಿಕ್ಕಿ ಆ ಸಂಖ್ಯೆ ಕೊಡದಿದ್ದರೆ ಅತಿ ಹೆಚ್ಚು ದರದ ವರ್ಗದಲ್ಲಿ ತೆರಿಗೆ ಹಿಡಿಯುತ್ತಾರೆ, ಆಮೇಲೆ ವಾಪಸ್ ಪಡೆಯಲು ಅಲೆಯಬೇಕು. ಹಲವು ಬ್ಯಾಂಕುಗಳು ಖಾತೆ ತೆರೆಯಲು ನೋಂದಣಿ ಪತ್ರ ಕೇಳುತ್ತವೆ. ಆ ಖಾತೆ ಆಗದೆ ಬ್ಲಾಕ್ಡ್ ಅಕೌಂಟ್‌ನ 992 ಯೂರೋ ಬಂದು ಬೀಳಲು ಜಾಗವಿಲ್ಲ. ನಮ್ಮದೇ ದುಡ್ಡು, ನಮ್ಮದೇ ಹೆಸರಲ್ಲಿ ಇದೆ, ಆದರೆ ಕೈಗೆ ಬರುವುದಿಲ್ಲ. ಕೆಲವು ತಿಂಗಳಿಗೆ ಮಾತ್ರ ಕೊಟ್ಟಿರುವ ವೀಸಾ ಮುಗಿಯುವ ಮುಂಚೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಅಲ್ಲೂ ಇದೇ ನೋಂದಣಿ ಪತ್ರ ಬೇಕು. ಆ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ ಒಂದು ವಾರ ತಡವಾದರೂ ಮುಂದಿನದ್ದೆಲ್ಲಾ ಹಿಂದಕ್ಕೆ ಹೋಗುತ್ತದೆ. ನನ್ನ ಕ್ಲಾಸಿನಲ್ಲಿ ಒಬ್ಬರು ನೋಂದಣಿಗೆ ಒಪ್ಪದ ಮನೆಯಲ್ಲಿ ಉಳಿದುಕೊಂಡು, ಲೆಕ್ಚರ್ ನಡುವೆ ಫೋನ್ ಹಿಡಿದು ಮನೆ ಹುಡುಕುತ್ತಲೇ ಇದ್ದರು. ಪಾಠ ಕೇಳುವ ಮನಸ್ಸು ಎಲ್ಲಿಂದ ಬರಬೇಕು.

ನನಗೆ ಈ ಹಾಳೆ ಕೀ ಜೊತೆಗೇ ಬಂತು. ಯಾರನ್ನೂ ಕೇಳಬೇಕಾಗಲಿಲ್ಲ. ಹಾಸ್ಟೆಲ್‌ಗೆ ನಾನು ಕೊಡುವ ಅಂಕಗಳಲ್ಲಿ ಅರ್ಧ ಇದಕ್ಕೇ.

ಇದರ ಜೊತೆಗೆ ಇನ್ನೊಂದು ಚಿಕ್ಕ ಕೆಲಸ ಇದೆ. ಅಂಚೆ ಪೆಟ್ಟಿಗೆಯ ಮೇಲೆ ಹೆಸರು. ಕೆಳಗೆ ಬಾಗಿಲ ಬಳಿ ಉಕ್ಕಿನ ಪೆಟ್ಟಿಗೆಗಳ ಸಾಲು, ಪ್ರತಿಯೊಂದರ ಮೇಲೂ ಬೆರಳಗಲದ ಪ್ಲಾಸ್ಟಿಕ್ ಕಿಂಡಿ, ಅದರೊಳಗೆ ಹೆಸರಿನ ಚೀಟಿ. ನಾನು ಬಂದಾಗ ನನ್ನ ಪೆಟ್ಟಿಗೆಯಲ್ಲಿ ಮುಂಚೆ ಇದ್ದವರ ಹೆಸರೇ ಇತ್ತು. ನಮ್ಮ ಮಹಡಿಯಲ್ಲಿ ಟ್ಯೂಟರ್ ಆಗಿರುವ ಸೀನಿಯರ್ ವಿದ್ಯಾರ್ಥಿ ಮೊದಲ ದಿನವೇ ಬಾಗಿಲು ತಟ್ಟಿ, "ಬೇರೆ ಏನೇ ಇರಲಿ, ಮೊದಲು ಕೆಳಗೆ ಹೋಗಿ ಹೆಸರು ಹಾಕು" ಅಂದರು. ಇಲ್ಲಿ ಅಂಚೆಯವರು ಕೋಣೆ ಸಂಖ್ಯೆ ನೋಡಿ ಹಂಚುವುದಿಲ್ಲ, ಪೆಟ್ಟಿಗೆಯ ಮೇಲಿನ ಹೆಸರು ನೋಡುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ಕಳಿಸಿದವರಿಗೇ ವಾಪಸ್. ಬ್ಯಾಂಕಿನ ಕಾರ್ಡು, ಅದರ ಪಿನ್ನು, ಇನ್ಶೂರೆನ್ಸ್ ಕಾರ್ಡು, ತೆರಿಗೆ ಸಂಖ್ಯೆ ಎಲ್ಲಾ ಇಲ್ಲಿ ಅಂಚೆಯಲ್ಲೇ ಬರುವುದು, ಅದೂ ಮೊದಲ ಒಂದೂವರೆ ತಿಂಗಳಲ್ಲಿ. ನಮ್ಮ ಕಡೆಯ ಉದ್ದ ಹೆಸರುಗಳು ಆ ಕಿಂಡಿಯಲ್ಲಿ ಹಿಡಿಸುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಕೊನೆಯ ಹೆಸರು ಅಂತ ಯಾವುದಿದೆಯೋ ಅದನ್ನು ದೊಡ್ಡದಾಗಿ ಬರೆಯಿರಿ, ಉಳಿದದ್ದಕ್ಕೆ ಒಂದಕ್ಷರ ಸಾಕು.

ಟ್ಯೂಟರ್ ಬಗ್ಗೆ ಹೇಳಲೇಬೇಕು. ಇವರು ಅದೇ ಹಾಸ್ಟೆಲ್‌ನಲ್ಲಿ ಇರುವ ಸೀನಿಯರ್ ವಿದ್ಯಾರ್ಥಿಗಳು, ಹೊಸಬರಿಗೆ ದಾರಿ ತೋರಿಸಲು ಅಂತಲೇ ಸಂಸ್ಥೆ ನೇಮಿಸಿರುತ್ತದೆ. ಎಲ್ಲಾ ಊರಿನಲ್ಲೂ ಇಲ್ಲ, ಬಹಳ ಕಡೆ ಇದ್ದಾರೆ. ನಾಗರಿಕ ಕಚೇರಿಯ ಫಾರಂ ಪೂರ್ತಿ ಜರ್ಮನ್‌ನಲ್ಲಿತ್ತು. ನಮ್ಮ ಟ್ಯೂಟರ್ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿ, ಹೊಸದಾಗಿ ಬಂದ ನಮ್ಮನ್ನೆಲ್ಲಾ ಸುತ್ತ ಕೂರಿಸಿಕೊಂಡು, ಒಂದೊಂದು ಕಾಲಂ ಓದಿ ಹೇಳಿ ತುಂಬಿಸಿದರು. ಧರ್ಮದ ಕಾಲಂ ಬಂದಾಗ ಅದು ಯಾಕೆ ಇದೆ ಅಂತಲೂ ಹೇಳಿದರು: ಚರ್ಚಿನ ಸದಸ್ಯರಿಂದ ಆದಾಯ ತೆರಿಗೆಯ ಜೊತೆಗೆ ಚರ್ಚ್ ತೆರಿಗೆಯನ್ನೂ ಸರ್ಕಾರವೇ ವಸೂಲಿ ಮಾಡುತ್ತದೆ, ಆ ಲೆಕ್ಕಕ್ಕೆ. ಹಣ ಕೊಟ್ಟು ಏಜೆಂಟರ ಕೈಲಿ ಮಾಡಿಸಿಕೊಳ್ಳುವ ಕೆಲಸವನ್ನು ಇವರು ಚಹಾ ಕುಡಿಯುತ್ತಾ ಮಾಡಿಸಿಕೊಟ್ಟರು. ಹೊಸ ದೇಶದಲ್ಲಿ ಒಂದು ವಾರವೂ ಕಳೆಯದವರಿಗೆ ಇದು ಎಷ್ಟು ಧೈರ್ಯ ಕೊಡುತ್ತದೆ ಅಂತ ಬರೆದು ತಿಳಿಸುವುದು ಕಷ್ಟ.

ಇನ್ನು ಕೋಣೆ. ಸುಮಾರು 15 ಚದರ ಮೀಟರ್, ಒಬ್ಬರಿಗೆ ಸಾಕು. ಸಾಮಾನು ಹಳೆಯದು, ಗಟ್ಟಿ ಇದೆ. ದಿಂಬು, ಹೊದಿಕೆ, ಬೆಡ್‌ಶೀಟ್ ಇಲ್ಲ. ಅಡುಗೆಮನೆಯಲ್ಲಿ ಒಲೆ, ಫ್ರಿಜ್ ಇದೆ, ಪಾತ್ರೆ ನಿಮ್ಮದು. ಶನಿವಾರ ಸಂಜೆಯೊಳಗೆ ಇವುಗಳನ್ನು ಕೊಂಡುಕೊಳ್ಳದಿದ್ದರೆ ಭಾನುವಾರ ಅಂಗಡಿಗಳೇ ಇರುವುದಿಲ್ಲ, ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಕೆಲವು ಅಂಗಡಿ ಬಿಟ್ಟು. ಮೊದಲ ರಾತ್ರಿಗೆ ಅಂತ ಒಂದು ತೆಳು ಹೊದಿಕೆ ಸೂಟ್‌ಕೇಸಿನಲ್ಲೇ ಇಟ್ಟುಕೊಂಡು ಬನ್ನಿ.

ಹೀಟರಿನ ವಿಷಯ ಯಾರೂ ಮುಂಚೆ ಹೇಳಿಕೊಡುವುದಿಲ್ಲ. ಕಿಟಕಿ ಕೆಳಗೆ ಬಿಳಿ ರೇಡಿಯೇಟರ್, ಅದರ ಪಕ್ಕದಲ್ಲಿ 1ರಿಂದ 5ರವರೆಗೆ ಅಂಕಿ ಇರುವ ತಿರುಗಣೆ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುತ್ತದೆ ಅಂತ ಎಲ್ಲರಿಗೂ ಅನ್ನಿಸುತ್ತದೆ, ಹಾಗೇನೂ ಆಗುವುದಿಲ್ಲ. ಆ ಅಂಕಿ ಹೇಳುವುದು ಕೋಣೆ ಎಷ್ಟು ಬಿಸಿಯಾದ ಮೇಲೆ ನಿಲ್ಲಬೇಕು ಅನ್ನುವುದನ್ನು. 3 ಅಂದರೆ ಹೆಚ್ಚುಕಡಿಮೆ 20 ಡಿಗ್ರಿ. ಅಲ್ಲಿಗೆ ಇಟ್ಟು ಬಿಟ್ಟುಬಿಡಿ. ದಿನಕ್ಕೆ ಎರಡು ಮೂರು ಸಲ ಹೀಟರ್ ಆಫ್ ಮಾಡಿ ಕಿಟಕಿ ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಲು ಬಿಡಬೇಕು ಅಂತ ಹಾಸ್ಟೆಲ್ ನಿಯಮದಲ್ಲೇ ಇದೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಯಾಕಪ್ಪಾ ಅನ್ನಿಸಬಹುದು. ಸ್ನಾನ, ಅಡುಗೆ, ಒಣಗಲು ಹಾಕಿದ ಬಟ್ಟೆ, ನಮ್ಮ ಉಸಿರು, ಎಲ್ಲದರ ತೇವ ಮುಚ್ಚಿದ ಕೋಣೆಯ ತಣ್ಣನೆ ಮೂಲೆಯಲ್ಲಿ ಕೂತು ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹಿಡಿದರೆ ಅದರ ಖರ್ಚು ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಬಹುದು.

ಕೋಣೆ ಆರಿಸುವಾಗ ಬಹಳ ಜನ ಗಮನಿಸದ ಒಂದು ಖರ್ಚು ಇದೆ. ಟಿವಿ, ರೇಡಿಯೋ ಶುಲ್ಕ ಅಂತ ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ, ನಿಮ್ಮ ಹತ್ತಿರ ಟಿವಿ ಇರಲಿ ಬಿಡಲಿ. ವಿಳಾಸ ನೋಂದಣಿ ಆದ ಮೇಲೆ ತಾನಾಗೇ ಪತ್ರ ಬರುತ್ತದೆ. ಹಾಸ್ಟೆಲ್‌ನಲ್ಲಿ ಎಲ್ಲರೂ ಓಡಾಡುವ ಸಾರ್ವಜನಿಕ ಕಾರಿಡಾರಿಗೆ ಬಾಗಿಲು ತೆರೆಯುವ ಒಂಟಿ ಕೋಣೆ ಆದರೆ ಅದನ್ನೇ ಒಂದು ಮನೆ ಅಂತ ಲೆಕ್ಕ ಹಿಡಿಯುತ್ತಾರೆ, ಪೂರ್ತಿ ಶುಲ್ಕ ನಿಮ್ಮೊಬ್ಬರದ್ದೇ. ಮೂರು ನಾಲ್ಕು ಕೋಣೆಗಳಿಗೆ ಒಂದೇ ಹೊರಬಾಗಿಲು, ಒಂದೇ ಅಡುಗೆಮನೆ ಇರುವ ಹಂಚಿಕೊಂಡ ಫ್ಲ್ಯಾಟ್ ಆದರೆ ಎಲ್ಲರಿಗೂ ಸೇರಿ ಒಂದೇ ಶುಲ್ಕ. ನಾಲ್ವರು ಇದ್ದರೆ ತಲೆಗೆ ತಿಂಗಳಿಗೆ 4.59. ವರ್ಷಕ್ಕೆ ನೋಡಿದರೆ ದೊಡ್ಡ ವ್ಯತ್ಯಾಸ. ನಮ್ಮದು ಎರಡನೆಯ ಥರದ್ದು. ಪತ್ರ ಬಂದಾಗ ಫ್ಲ್ಯಾಟ್‌ನಲ್ಲಿ ಮೊದಲೇ ಕಟ್ಟುತ್ತಿರುವವರ ಸಂಖ್ಯೆ ಬರೆದು ಉತ್ತರಿಸಿದರೆ ಮುಗಿಯಿತು. ಉತ್ತರಿಸದೆ ಇಟ್ಟರೆ ಬಾಕಿ ಬೆಳೆಯುತ್ತಾ ಹೋಗುತ್ತದೆ.

ಮೆನ್ಸಾ, ಅಂದರೆ ಕ್ಯಾಂಟೀನು, ಇದೇ ಸಂಸ್ಥೆಯದ್ದು. ದೇಶದಾದ್ಯಂತ ಸುಮಾರು 950 ಇವೆ, ಚಿಕ್ಕ ಕೆಫೆಗಳೂ ಸೇರಿ. ಒಂದೇ ತಟ್ಟೆಗೆ ಮೂರು ಬೆಲೆ: ವಿದ್ಯಾರ್ಥಿಗೆ ಕಡಿಮೆ, ಸಿಬ್ಬಂದಿಗೆ ಸ್ವಲ್ಪ ಜಾಸ್ತಿ, ಹೊರಗಿನವರಿಗೆ ಇನ್ನೂ ಜಾಸ್ತಿ. ನಮಗೆ ಊಟ ಮೂರರಿಂದ ನಾಲ್ಕು ಯೂರೋ ಒಳಗೆ ಆಗುತ್ತದೆ, ಹೊರಗೆ ಹೋದರೆ ಅದರ ಮೂರು ಪಟ್ಟು. ಸಸ್ಯಾಹಾರಿ, ವೀಗನ್, ಹಂದಿ, ದನ ಅಂತ ಪ್ರತಿ ಪದಾರ್ಥಕ್ಕೂ ಗುರುತು ಹಾಕಿರುತ್ತಾರೆ, ಅಲರ್ಜಿಗೂ ಸಂಖ್ಯೆ ಇದೆ. ಇದು ನನಗೆ ಬಹಳ ಇಷ್ಟವಾಯಿತು. ಭಾಷೆ ಬರದ ಜಾಗದಲ್ಲಿ ತಟ್ಟೆಯಲ್ಲಿ ಏನಿದೆ ಅಂತ ಯಾರನ್ನೂ ಕೇಳದೆ ತಿಳಿಯುವುದು ದೊಡ್ಡ ನೆಮ್ಮದಿ. ರುಚಿ ದಿನಕ್ಕೊಂದು ಥರ. ಸೂಪು, ಆಲೂಗಡ್ಡೆ, ಬೇಳೆಯ ಅಡುಗೆಗಳು ಚೆನ್ನಾಗಿರುತ್ತವೆ. ಪಾಸ್ತಾ ಬೆಂದು ಬೆಂದು ಮೆತ್ತಗಾಗಿರುತ್ತದೆ, ಕರಿ ಅಂತ ಹೆಸರಿಟ್ಟದ್ದು ಸಿಹಿ. ದೊಡ್ಡ ತೊಂದರೆ ಅಂದರೆ ಸಮಯ. ಮಧ್ಯಾಹ್ನ ಎರಡೂವರೆಗೆಲ್ಲಾ ನಮ್ಮಲ್ಲಿ ಬಾಗಿಲು ಹಾಕುತ್ತಾರೆ, ಸಂಜೆ ಊಟ ಇಲ್ಲ. ಲ್ಯಾಬ್ ಎರಡು ಗಂಟೆಗೆ ಮುಗಿಯುವ ದಿನ ಓಡಿಕೊಂಡೇ ಹೋಗಬೇಕು.

ಹಣ ಕಟ್ಟುವುದು ವಿದ್ಯಾರ್ಥಿ ಕಾರ್ಡಿನಲ್ಲಿ. ಆ ಕಾರ್ಡು ಬರುವವರೆಗೆ ಏನು ಮಾಡುವುದು ಅಂತ ಕೌಂಟರಿನಲ್ಲಿ ಕೇಳಿ, ಪ್ರವೇಶ ಪತ್ರ ತೋರಿಸಿದರೆ ವಿದ್ಯಾರ್ಥಿ ಬೆಲೆಗೇ ಕೊಟ್ಟರು ನಮ್ಮಲ್ಲಿ. ಆ ಪ್ರವೇಶ ಪೂರ್ತಿಯಾಗಲು ಇನ್ಶೂರೆನ್ಸ್ ಕಂಪನಿಯಿಂದ ಯೂನಿವರ್ಸಿಟಿಗೆ ಎಂ10 ಅನ್ನುವ ಮಾಹಿತಿ ಕಂಪ್ಯೂಟರ್ ಮೂಲಕವೇ ಹೋಗಬೇಕು. ನಾವು ಕಾಗದ ಕೊಟ್ಟರೆ ನಡೆಯುವುದಿಲ್ಲ, ಕಂಪನಿಗೆ ಹೇಳಿ ಕಳಿಸಬೇಕು. ಅದಾದ ಮೇಲೆ ಸೆಮಿಸ್ಟರ್ ಟಿಕೆಟ್ಟೂ ಬರುತ್ತದೆ. ನನ್ನ ಯೂನಿವರ್ಸಿಟಿಯಲ್ಲಿ ಅದು ದೇಶದೆಲ್ಲೆಡೆ ಲೋಕಲ್ ರೈಲು, ಬಸ್ಸು, ಟ್ರಾಮ್‌ಗೆ ನಡೆಯುವ ಟಿಕೆಟ್. ಸಾಮಾನ್ಯರ ಬೆಲೆ 2025ರಲ್ಲಿ ತಿಂಗಳಿಗೆ 58 ಯೂರೋ ಇತ್ತು, ವಿದ್ಯಾರ್ಥಿಗಳಿಗೆ ಅದರ ಶೇ. 60. ಆಗಿನ ಲೆಕ್ಕದಲ್ಲಿ ಆರು ತಿಂಗಳಿಗೆ 208.80 ಯೂರೋ ಆಗುತ್ತಿತ್ತು, ಅದು ಸೆಮಿಸ್ಟರ್ ಶುಲ್ಕದಲ್ಲೇ ಸೇರಿರುತ್ತದೆ. ವೇಗದ ಐಸಿಇ ರೈಲಿಗೆ ನಡೆಯುವುದಿಲ್ಲ, ಅದೊಂದು ನೆನಪಿರಲಿ.

ಕಚೇರಿಯ ಸ್ಪಂದನೆ ನಿಧಾನ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೇಲ್‌ಗೆ ಉತ್ತರ ಬರಲು ವಾರಗಟ್ಟಲೆ ಆಗುತ್ತದೆ. ಖುದ್ದಾಗಿ ಹೋದರೆ ಕೆಲಸ ಬೇಗ ಆಗುತ್ತದೆ, ಆದರೆ ದೇಶ ಬಿಟ್ಟು ದೂರ ಕೂತವರು ಖುದ್ದಾಗಿ ಹೋಗುವುದು ಹೇಗೆ? ಕರಾರು ಜರ್ಮನ್‌ನಲ್ಲಿ ಮಾತ್ರ ಬರುತ್ತದೆ. ಇಂಗ್ಲಿಷ್‌ನಲ್ಲಿ ಒಂದು ಪುಟದ ವಿವರಣೆ ಜೊತೆಗಿಟ್ಟರೆ ಎಷ್ಟು ಪ್ರಶ್ನೆಗಳು ತಾವೇ ಕಡಿಮೆಯಾಗುತ್ತವೆ. ಬಾಡಿಗೆ ತಾನಾಗಿ ಖಾತೆಯಿಂದ ಕಡಿತವಾಗಲು ಯೂರೋ ವಲಯದ ಖಾತೆ ಬೇಕು ಅನ್ನುತ್ತಾರೆ, ಅದು ಇಲ್ಲಿಗೆ ಬರದೆ ಎಲ್ಲಿ ಆಗಬೇಕು. ಮೊದಲ ತಿಂಗಳ ಬಾಡಿಗೆ, ಡಿಪಾಸಿಟ್ ಎರಡನ್ನೂ ಹೊರಡುವ ಮುಂಚೆಯೇ ವಿದೇಶಿ ವರ್ಗಾವಣೆಯಲ್ಲಿ ಕಳಿಸಲು ತಯಾರಾಗಿರಿ. ಮಧ್ಯದ ಬ್ಯಾಂಕುಗಳು ತಮ್ಮ ಪಾಲು ಮುರಿದುಕೊಂಡು ಹತ್ತಿಪ್ಪತ್ತು ಯೂರೋ ಕಡಿಮೆ ತಲುಪಿದರೂ ಬಾಕಿ ಅಂತ ನೋಟಿಸ್ ಬರುತ್ತದೆ. ಎಲ್ಲಾ ಚಾರ್ಜು ಕಳಿಸುವವರದ್ದೇ ಅನ್ನುವ ಆಯ್ಕೆ ಬ್ಯಾಂಕಿನ ಫಾರಂನಲ್ಲಿ ಇರುತ್ತದೆ, ಅದನ್ನೇ ಟಿಕ್ ಮಾಡಿ.

ಬಟ್ಟೆ ಒಗೆಯುವ ಯಂತ್ರಗಳು ಸಾಲುವುದಿಲ್ಲ. ಭಾನುವಾರ ಸಾಲು ದೊಡ್ಡದು. ಬುಧವಾರ ಬೆಳಿಗ್ಗೆ ಖಾಲಿ.

ಕೊನೆಯದಾಗಿ, ಯಾರೂ ಮಾತಾಡದ ಒಂದು ಸೇವೆ. ಇವರಲ್ಲಿ ಮನಸ್ಸಿಗೆ ಸಂಬಂಧಿಸಿದ ಸಲಹಾ ಕೇಂದ್ರ ಇದೆ. ಗುಟ್ಟಾಗಿ ಇಡುತ್ತಾರೆ, ಯೂನಿವರ್ಸಿಟಿಗೆ ಸುದ್ದಿ ಹೋಗುವುದಿಲ್ಲ, ನಮ್ಮಲ್ಲಿ ಶುಲ್ಕವೂ ಇಲ್ಲ, ಇಂಗ್ಲಿಷ್‌ನಲ್ಲೂ ಮಾತಾಡಬಹುದು. ನವೆಂಬರ್ ಬಂತೆಂದರೆ ಇಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ. ಹೊಸ ಭಾಷೆ, ಹೊಸ ಪಾಠ, ಒಬ್ಬರೇ ಕೋಣೆ, ಹೊರಗೆ ಮಳೆ. ಎಂಥ ಗಟ್ಟಿ ಮನಸ್ಸಿನವರಿಗೂ ಭಾರವಾಗುತ್ತದೆ. ನಮ್ಮ ಫ್ಲ್ಯಾಟ್‌ನವರೊಬ್ಬರು ಅಲ್ಲಿಗೆ ಹೋಗತೊಡಗಿದ ಮೇಲೆ ಮತ್ತೆ ಅಡುಗೆಮನೆಗೆ ಬಂದು ನಮ್ಮ ಜೊತೆ ಕೂತು ಊಟ ಮಾಡಲು ಶುರು ಮಾಡಿದರು. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೋಗಲು ಸಂಕೋಚ ಬೇಡ. ಇದಕ್ಕೂ ಸೇರಿಸಿಯೇ ನಾವು ಶುಲ್ಕ ಕಟ್ಟಿರುವುದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಕೀ ವಿಷಯಕ್ಕೆ ಮತ್ತು ಉತ್ತರ ಬಾರದ ಮೇಲ್‌ಗಳಿಗೆ. ಇದಕ್ಕಿಂತ ಚೆಂದದ ಕೋಣೆ ಖಾಸಗಿಯಲ್ಲಿ ಖಂಡಿತ ಸಿಗುತ್ತದೆ. ಆದರೆ ಮುಖ ನೋಡದ ಮನೆಯವರಿಗೆ, ಕೀ ಕೈಗೆ ಬರುವ ಮುಂಚೆ, ಫೋಟೋ ನೋಡಿ ಡಿಪಾಸಿಟ್ ಕಳಿಸುವ ಭಯ ಇಲ್ಲಿಲ್ಲ. ಹಾಗೆ ಕಳಿಸಿ ಹಣ ಕಳೆದುಕೊಂಡವರು ಪ್ರತಿ ವರ್ಷ ಇರುತ್ತಾರೆ.

ಅರ್ಜಿ ಹಾಕಲು ಪ್ರವೇಶ ಪತ್ರ ಬರುವವರೆಗೆ ಕಾಯಬೇಡಿ. ಹಲವು ಊರುಗಳಲ್ಲಿ ಅದಿಲ್ಲದೆಯೂ ಪಟ್ಟಿಗೆ ಹೆಸರು ಸೇರಿಸುತ್ತಾರೆ, ಪತ್ರ ಆಮೇಲೆ ಕೊಟ್ಟರೆ ಆಯಿತು. ಹೆಸರು ಸೇರಿದ ಮೇಲೆ ಮೇಲ್‌ಬಾಕ್ಸ್‌ನ ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಾ ಇರಿ. ಇನ್ನೂ ಕೋಣೆ ಬೇಕಾ ಅಂತ ಆಗಾಗ ಕೇಳುವ ಊರುಗಳಿವೆ, ಹೇಳಿದ ಗಡುವಿನೊಳಗೆ ಹೌದು ಅಂತ ಒತ್ತದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಕೋಣೆ ಸಿಕ್ಕಿದೆ ಅನ್ನುವ ಮೇಲ್‌ಗೂ ಅಷ್ಟೇ, ಒಪ್ಪಿಗೆ ಕೊಡಲು ಇರುವುದು ಕೆಲವೇ ದಿನ.